ಛಾಯಾಚಿತ್ರವೂ ನಮ್ಮ ಬಾಲಿಕೆಯರೂ

ಈ ಸ್ಮರಣ ಸಂಚಿಕೆಯು ಕೈಗೆ ಬಂದ ಕೂಡಲೆ ನಮ್ಮ ಪೂರ್ವ ವಿದ್ಯಾರ್ಥಿನಿಯರೂ ಬಾಲಿಕೆಯರ ತಾಯಿತಂದೆಗಳೂ ಮೊಟ್ಟಮೊದಲು ಮಾಡುವ ಕೆಲಸವು ಯಾವುದೆಂಬುದನ್ನು ನಾವು ಬಲ್ಲೆವು. ಅದು ಲೇಖನಗಳನ್ನು ಓದುವುದಲ್ಲ. ಚಿತ್ರಗಳ ಪುಟಗಳನ್ನು ತಿರುವಿ ತಮ್ಮವರ ಮುಖವನ್ನು ಹುಡುಕುವುದು. ಇದರಲ್ಲಿ ತಪ್ಪೇನೂ ಇಲ್ಲ. ನಾವೂ ಹಾಗೆಯೇ ಮಾಡುವವರು. ಆದರೆ ಈ ಸಲ ಆ ಪುಟಗಳನ್ನು ನೋಡಿದವರಲ್ಲಿ ಕೆಲವರಿಗೆ ಎರಡು ಸಂಗತಿಗಳು ವಿಚಿತ್ರವಾಗಿ ತೋರಬಹುದು. ಮೊದಲನೆಯದು, ಬಾಲಿಕೆಯರೇ ತೆಗೆದ ಚಿತ್ರಗಳ ನಡುವೆ, ಅರ್ಧಕ್ಕರ್ಧ ಬೆಳಕೇ ತುಂಬಿ, ಏನೆಂದು ಥಟ್ಟನೆ ತಿಳಿಯದ ಒಂದು ಚಿತ್ರಕ್ಕೆ ಇಡಿಯ ಪುಟವನ್ನು ಕೊಟ್ಟಿರುವುದು. ಎರಡನೆಯದು, ತರಗತಿಗಳ ಚಿತ್ರಗಳಲ್ಲಿ ಯಾರೊಬ್ಬಳ ಮುಖವನ್ನೂ ತಿದ್ದಿ ಬೆಳ್ಳಗೆ ಮಾಡಿಸದಿರುವುದು. ಇವೆರಡೂ ಅಚ್ಚಿನ ತಪ್ಪುಗಳಲ್ಲ. ನಾವು ಯೋಚಿಸಿ ಮಾಡಿದ ನಿರ್ಧಾರಗಳು. ಎರಡಕ್ಕೂ ಕಾರಣವು ಒಂದೇ. ಅದನ್ನು ತಮ್ಮ ಮುಂದಿಡುವುದು ಮುಖ್ಯೋಪಾಧ್ಯಾಯಿನಿಯಾದ ನಮ್ಮ ಕರ್ತವ್ಯವೆಂದೆಣಿಸಿ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ಅತ್ತಿಗುಪ್ಪೆಯ ನಮ್ಮ ಶಾಲೆಯ ಮೇಲಂತಸ್ತಿನ ಜಗಲಿಯಲ್ಲಿ ನಿಂತರೆ, ಮೂಡಣ ದಿಕ್ಕಿಗೆ ಕಾರ್ಡ್ ರಸ್ತೆಯ ಮೇಲೆ ಮೆಟ್ರೋ ರೈಲಿನ ಎತ್ತರದ ಹಾದಿಯು ಕಾಣುತ್ತದೆ. ೨೦೧೫ನೆಯ ಇಸವಿ ನವೆಂಬರ್ ೧೬ರಂದು ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಈ ಭಾಗದಲ್ಲಿ ರೈಲು ಓಡಲಾರಂಭಿಸಿದಾಗ, ಪಾಠದ ವೇಳೆಯಲ್ಲಿ ಬಾಲಿಕೆಯರ ಕಣ್ಣುಗಳೆಲ್ಲ ಕಿಟಕಿಯ ಕಡೆಗೇ ಹೋಗುತ್ತಿದ್ದುವು. ಈಗ ಅದು ಹಳತಾಗಿದೆ. ಯಾರೂ ತಲೆಯೆತ್ತಿ ನೋಡುವುದಿಲ್ಲ. ಆದರೆ ಚಳಿಗಾಲದಲ್ಲಿ ಸಂಜೆ ಐದು ಗಂಟೆ ಕಳೆದ ಮೇಲೆ ಒಂದು ಸೋಜಿಗವು ನಡೆಯುತ್ತದೆ. ಪಡುವಣಕ್ಕೆ ಇಳಿದ ಸೂರ್ಯನ ಕಿರಣಗಳು ಹಾದುಹೋಗುವ ರೈಲಿನ ಗಾಜುಗಳ ಮೇಲೆ ಬಿದ್ದು, ಒಂದಾದ ಮೇಲೊಂದು ಕಿಟಕಿಯು ಬೆಂಕಿ ಹೊತ್ತಿಕೊಂಡಂತೆ ಹೊಳೆದು, ಎರಡು ಮೂರು ಕ್ಷಣಗಳಲ್ಲಿ ಆರಿಹೋಗುತ್ತದೆ. ಆ ಹೊಳಪು ಜಗಲಿಯ ಗೋಡೆಯ ಮೇಲೆಯೂ ಓಡಿಹೋಗುತ್ತದೆ. ನೋಡಬೇಕೆಂದು ಕಾದುನಿಂತವರಿಗೆ ಮಾತ್ರ ಅದು ಕಾಣುವುದು.

ಕಳೆದ ವರ್ಷ ನಮ್ಮ ಬಾಲಿಕೆಯರ ಛಾಯಾಚಿತ್ರಗಳ ಒಂದು ಪುಟ್ಟ ಪ್ರದರ್ಶನವನ್ನು ಏರ್ಪಡಿಸಿದ್ದೆವು. ವಾರಕ್ಕೊಂದು ಸಂಜೆ, ಉಪಾಧ್ಯಾಯಿನಿಯೊಬ್ಬರ ಮೇಲ್ವಿಚಾರಣೆಯಲ್ಲಿ, ಅವರದೇ ಮೊಬೈಲಿನಿಂದಲೂ ಶಾಲೆಯ ಹಳೆಯ ಕ್ಯಾಮರಾದಿಂದಲೂ ತೆಗೆದ ಚಿತ್ರಗಳವು. ಆರಿಸುವ ಭಾರವು ನಮ್ಮ ಮೇಲಿತ್ತು. ಹೂವು, ಬೆಕ್ಕು, ಧ್ವಜಸ್ತಂಭ, ಕಾವಲುಗಾರ ತಾತನ ನಗು—ಇವನ್ನೆಲ್ಲ ಒಂದು ಕಡೆಗಿಟ್ಟು, ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳ ಚಿತ್ರವನ್ನು ಮಾತ್ರ ‘ಕೆಟ್ಟಿದೆ’ ಎಂದು ಬೇರೆ ತೆಗೆದಿರಿಸಿದೆವು. ಅದರಲ್ಲಿ ರೈಲಿನ ಆಕಾರವೇ ಇರಲಿಲ್ಲ. ನಡುವೆ ಒಂದು ಉದ್ದನೆಯ ಬಿಳಿಯ ಜ್ವಾಲೆ; ಅದರಿಂದ ಹೊರಟ ಕಿತ್ತಳೆಯ ಬಣ್ಣದ ಗೆರೆಗಳು; ಅಲ್ಲಲ್ಲಿ ಹಸಿರು ಬೊಟ್ಟುಗಳು; ಕೆಳಮೂಲೆಯಲ್ಲಿ ಚಿಕ್ಕ ಹುಡುಗಿಯೊಬ್ಬಳ ಜಡೆಯ ಕೆಂಪು ರಿಬ್ಬನ್ನು ಮಾತ್ರ ಕಿಡಿಯಂತೆ ಉರಿಯುತ್ತಿತ್ತು.

ಮಾರನೆಯ ದಿನ ಆ ಬಾಲಿಕೆಯು ನಮ್ಮ ಕೊಠಡಿಯ ಬಾಗಿಲಲ್ಲಿ ಬಂದು ನಿಂತು, “ಮಿಸ್, ಅದರಲ್ಲಿ ಏನು ಕೆಟ್ಟಿದೆ?” ಎಂದು ಕೇಳಿದಳು.

“ರೈಲೇ ಕಾಣುವುದಿಲ್ಲವಲ್ಲಮ್ಮ” ಎಂದೆವು.

“ನಾನು ರೈಲನ್ನು ತೆಗೆಯಲಿಲ್ಲ ಮಿಸ್. ಅದು ಹೊಳೆದದ್ದನ್ನು ತೆಗೆದೆ.”

ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿರುವ ನಮಗೆ ಆ ಹೊತ್ತಿನಲ್ಲಿ ಉತ್ತರವು ಹೊಳೆಯಲಿಲ್ಲ. ಚಿತ್ರವನ್ನು ಮತ್ತೆ ತರಿಸಿ ನೋಡಿದೆವು. ಆಕೆಯು ಹೇಳಿದುದು ನಿಜವಾಗಿತ್ತು. ಕೆಟ್ಟಿದ್ದುದು ಚಿತ್ರವಲ್ಲ, ಅದನ್ನು ನೋಡಿದ ನಮ್ಮ ರೀತಿ.

ನಮ್ಮ ಈ ರೀತಿಯು ಎಲ್ಲಿಂದ ಬಂತೆಂದು ಯೋಚಿಸಿದಾಗ ನಮ್ಮ ಬಾಲ್ಯವು ನೆನಪಾಯಿತು. ಆಗ ಕ್ಯಾಮರಾ ಎಂದರೆ ರೀಲು ಹಾಕುವ ಕ್ಯಾಮರಾ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ೩ ಎಂಬ ಕ್ಯಾಮರಾವು ಅನೇಕ ಮನೆಗಳಲ್ಲಿತ್ತು. ಒಂದು ರೀಲಿಗೆ ಹನ್ನೆರಡೇ ಚಿತ್ರಗಳು. ರೀಲು ಕೊಳ್ಳಲು ಹಣ, ತೊಳೆಸಲು ಹಣ, ಪ್ರಿಂಟು ಹಾಕಿಸಲು ಹಣ. ಆದುದರಿಂದ ಕ್ಯಾಮರಾವು ತಂದೆಯವರ ಕೈಯಲ್ಲಿಯೋ ಅಣ್ಣಂದಿರ ಕೈಯಲ್ಲಿಯೋ ಇರುತ್ತಿತ್ತೇ ವಿನಾ ಹೆಣ್ಣುಮಕ್ಕಳ ಕೈಗೆ ಬರುತ್ತಿರಲಿಲ್ಲ. ‘ಸೂರ್ಯನಿಗೆ ಬೆನ್ನು ಮಾಡಿ ತೆಗೆಯಬೇಕು, ಅಲುಗಾಡಬಾರದು, ನಗಬಾರದು’ ಎಂಬವು ಮೂರು ಕಟ್ಟಳೆಗಳು. ಕ್ಯಾಮರಾದೊಳಗೆ ಬೆಳಕು ನುಸುಳಿ ಅಂಚು ಸುಟ್ಟಂತಾದ ಚಿತ್ರವನ್ನು ಸ್ಟುಡಿಯೋದವರು ಪ್ರಿಂಟು ಹಾಕದೆಯೇ ಬಿಟ್ಟುಬಿಡುತ್ತಿದ್ದರು. ನಮ್ಮ ಅಜ್ಜಿಯವರು ಬಾಯಿ ತುಂಬ ನಕ್ಕ ಚಿತ್ರವು ಒಂದೇ ಒಂದುಂಟು. ಅದು ಹಾಗೆ ಬಿಟ್ಟುಬಿಟ್ಟ ಚಿತ್ರವೇ. ಬಹಳ ವರ್ಷಗಳ ತರುವಾಯ ನೆಗೆಟಿವನ್ನು ಹುಡುಕಿ ಹಾಕಿಸಿದಾಗ, ಎಡಬದಿಯಲ್ಲೆಲ್ಲ ಕೆಂಡದಂಥ ಬಣ್ಣವು ಹಬ್ಬಿ, ಅಜ್ಜಿಯವರು ಒಲೆಯ ಮುಂದೆ ಕುಳಿತು ನಗುತ್ತಿರುವಂತೆ ಕಾಣಿಸಿದರು. ನೆಟ್ಟಗೆ ಕುಳಿತ ಅವರ ಉಳಿದ ಚಿತ್ರಗಳಿಗಿಂತ ಇದೇ ನಮಗೆ ಹೆಚ್ಚು. ಇಷ್ಟು ತಿಳಿದೂ ಆ ಬಾಲಿಕೆಯ ಚಿತ್ರವನ್ನು ಬದಿಗಿಟ್ಟೆವಲ್ಲ! ಕಲಿತ ಕಟ್ಟಳೆಯು ಪಟ್ಟ ಅನುಭವಕ್ಕಿಂತ ಗಟ್ಟಿಯಾದುದು.

ಈ ಹೊಳಪುಗಳು ಹೇಗೆ ಉಂಟಾಗುವುವೆಂಬುದನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ಕ್ಯಾಮರಾದ ಕಣ್ಣಿನಲ್ಲಿ ಒಂದೇ ಮಸೂರವಿರುವುದಿಲ್ಲ. ಹಲವು ಮಸೂರಗಳು ಒಂದರ ಹಿಂದೊಂದು ಇರುತ್ತವೆ. ತೀಕ್ಷ್ಣವಾದ ಬೆಳಕು ಒಳಹೊಕ್ಕಾಗ ಅದರ ಒಂದಂಶವು ಆ ಮಸೂರಗಳ ಮೈಗಳ ನಡುವೆ ಪ್ರತಿಫಲಿಸಿ ಬಣ್ಣಬಣ್ಣದ ಬೊಟ್ಟುಗಳಾಗಿ ಚಿತ್ರದ ಮೇಲೆ ಬೀಳುತ್ತದೆ. ಉದ್ದನೆಯ ಗೆರೆಗಳು ಬರುವುದು ಇನ್ನೂ ಸರಳವಾದ ಕಾರಣದಿಂದ: ಮೊಬೈಲಿನ ಗಾಜಿನ ಮೇಲೆ ನಮ್ಮ ಬೆರಳಿನ ಜಿಡ್ಡು ಯಾವ ದಿಕ್ಕಿಗೆ ಸವರಿದೆಯೋ ಅದಕ್ಕೆ ಅಡ್ಡಲಾಗಿ ಬೆಳಕು ಚಾಚಿಕೊಳ್ಳುತ್ತದೆ. ಗೆರೆ ಬೇಡವೆನ್ನುವವಳು ಸೆರಗಿನ ತುದಿಯಿಂದ ಗಾಜನ್ನು ಒರಸಿದರೆ ಸಾಕು; ಬೇಕೆನ್ನುವವಳು ಒರಸದಿದ್ದರೆ ಸಾಕು. ಯಾವುದನ್ನು ಮಾಡುತ್ತಿದ್ದೇನೆಂಬ ಅರಿವು ಇರಬೇಕಾದುದೇ ಮುಖ್ಯ. ಅರಿವಿದ್ದರೆ ತಪ್ಪು ಕೂಡ ವಿದ್ಯೆಯಾಗುತ್ತದೆ.

ಬಣ್ಣಗಳ ಕಥೆಯೂ ಸ್ವಾರಸ್ಯವಾದುದು. ಕೆಂಪು, ಹಸಿರು, ನೀಲಿ—ಈ ಮೂರು ಬೆಳಕುಗಳ ಸಂಯೋಗದಿಂದ ಎಲ್ಲ ಬಣ್ಣಗಳನ್ನೂ ಮೂಡಿಸಬಹುದೆಂದು ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿಯು ೧೮೬೧ರಲ್ಲಿ ಛಾಯಾಚಿತ್ರದ ಮೂಲಕ ತೋರಿಸಿಕೊಟ್ಟನು. ೧೯೦೭ರಲ್ಲಿ ಫ್ರಾನ್ಸ್ ದೇಶದ ಲೂಮಿಯೇರ್ ಸಹೋದರರು ಆಲೂಗೆಡ್ಡೆಯ ಪಿಷ್ಟದ ಕಣಗಳಿಗೆ ಬಣ್ಣ ಕಟ್ಟಿ, ಗಾಜಿನ ಮೇಲೆ ಹರಡಿ, ವರ್ಣಚಿತ್ರಗಳನ್ನು ತೆಗೆಯುವ ಫಲಕಗಳನ್ನು ಮಾರಾಟಕ್ಕೆ ತಂದರು. ಅಡಿಗೆಮನೆಯ ಆಲೂಗೆಡ್ಡೆಗೆ ಇಂಥ ಯೋಗ ಒದಗಿತೆಂದರೆ ನಮ್ಮ ಬಾಲಿಕೆಯರು ನಂಬುವುದೇ ಇಲ್ಲ! ಇಂದಿನ ಮೊಬೈಲಿನೊಳಗೂ ಅದೇ ತತ್ತ್ವವಿದೆ: ಲಕ್ಷಾಂತರ ಸೂಕ್ಷ್ಮ ಚುಕ್ಕೆಗಳಲ್ಲಿ ಒಂದೊಂದೂ ಒಂದೊಂದೇ ಬಣ್ಣವನ್ನು ಗ್ರಹಿಸಿ, ಉಳಿದುದನ್ನು ಯಂತ್ರವು ನೆರೆಹೊರೆಯ ಚುಕ್ಕೆಗಳಿಂದ ಲೆಕ್ಕಹಾಕಿಕೊಳ್ಳುತ್ತದೆ. ಎಂದಮೇಲೆ, ಯಂತ್ರವು ತೋರಿಸುವ ಬಣ್ಣವು ಕಣ್ಣಿಗೆ ಕಂಡ ಬಣ್ಣವೇ ಎಂದು ಕುರುಡಾಗಿ ನಂಬತಕ್ಕದ್ದಲ್ಲ. ದೀಪದ ಹಳದಿಯನ್ನೂ ಸಂಜೆಯ ಕೆಂಪನ್ನೂ ಅದು ತನ್ನ ಲೆಕ್ಕಕ್ಕೆ ‘ಸರಿ’ಪಡಿಸಿ ತೊಳೆದುಬಿಡುವುದುಂಟು. ನೋಡುವವಳು ತನ್ನ ಕಣ್ಣಿನ ಸಾಕ್ಷ್ಯವನ್ನು ಬಿಟ್ಟುಕೊಡಬಾರದು.

ಕಣ್ಣಿನ ಸಾಕ್ಷ್ಯವನ್ನು ಬಿಟ್ಟುಕೊಡದವರಲ್ಲಿ ಅಗ್ರಗಣ್ಯರೊಬ್ಬರು ನಮ್ಮ ಬೆಂಗಳೂರಿನಲ್ಲಿಯೇ ಬಾಳಿದರು. ಸರ್ ಸಿ. ವಿ. ರಾಮನ್ ಅವರು ೧೯೨೧ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಬೆರಗಾದರು. ಕಡಲಿನ ನೀಲಿಯು ಆಕಾಶದ ಪ್ರತಿಬಿಂಬವೆಂಬುದು ಅಂದಿನ ದೊಡ್ಡವರ ಮತ. ರಾಮನ್ನರು ತಮ್ಮ ಬಳಿಯಿದ್ದ ಪುಟ್ಟ ನಿಕೋಲ್ ಪಟ್ಟಕದ ಮೂಲಕ ನೀರಿನ ಮೇಲ್ಮೈಯ ಹೊಳಪನ್ನು ತಡೆದು ನೋಡಿದರು. ಆಗಲೂ ನೀಲಿಯು ಮಾಯವಾಗಲಿಲ್ಲ. ಆ ನೀಲಿಯು ನೀರಿನದೇ ಆಗಿತ್ತು. ೧೯೩೦ರಲ್ಲಿ ನೊಬೆಲ್ ಪಾರಿತೋಷಕದವರೆಗೆ ಮುಟ್ಟಿದ ದಾರಿಯು ಆ ಹಡಗಿನ ಅಟ್ಟದ ಮೇಲಿನ ನೋಟದಿಂದ ಹೊರಟಿತು. ೧೯೩೩ರಲ್ಲಿ ಬೆಂಗಳೂರಿಗೆ ಬಂದು, ೧೯೪೮ರಲ್ಲಿ ಇಲ್ಲಿಯೇ ತಮ್ಮ ಸಂಶೋಧನಾ ಮಂದಿರವನ್ನು ಸ್ಥಾಪಿಸಿದ ಮೇಲೆಯೂ ಅವರು ಹಕ್ಕಿಯ ಗರಿ, ಹೂವಿನ ಎಸಳು, ಹೊಳೆಯುವ ಕಲ್ಲುಗಳ ಬಣ್ಣಗಳನ್ನು ನೋಡುವುದನ್ನು ಬಿಡಲಿಲ್ಲ. ನಮ್ಮ ಬಾಲಿಕೆಯರೆಲ್ಲರೂ ವಿಜ್ಞಾನಿಗಳಾಗಬೇಕೆಂದು ನಾವು ಹೇಳುತ್ತಿಲ್ಲ. ಆದರೆ ‘ದೊಡ್ಡವರು ಕೆಟ್ಟಿದೆ ಎಂದರು, ನನಗೆ ಹಾಗೆ ಕಾಣಲಿಲ್ಲ’ ಎಂದು ಬಾಗಿಲಲ್ಲಿ ಬಂದು ನಿಂತು ಕೇಳುವ ಧೈರ್ಯವು ಆ ಜಾತಿಗೇ ಸೇರಿದುದು.

ಹವ್ಯಾಸದ ಕ್ಯಾಮರಾವನ್ನು ಕಾಲಹರಣದ ಆಟಿಕೆಯೆಂದು ತಿಳಿಯುವವರುಂಟು. ಅವರು ನಮ್ಮ ನಾಡಿನ ಇತಿಹಾಸವನ್ನು ನೋಡಲಿ. ಸೊಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸಿನ ಮಂತ್ರಿಗಳಾಗಿದ್ದವರು. ಬಿಡುವಿನಲ್ಲಿ ಕಾಡು ಸುತ್ತಿ ತೆಗೆದ ಮೃಗಪಕ್ಷಿಗಳ ಚಿತ್ರಗಳಿಂದ ೧೯೮೩ರಲ್ಲಿ ‘ಸನ್‌ಲೈಟ್ ಅಂಡ್ ಷಾಡೋಸ್’ ಎಂಬ ಗ್ರಂಥವನ್ನೇ ಹೊರತಂದರು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಕಥೆ ಕಾದಂಬರಿಗಳನ್ನು ಬರೆದ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಹಕ್ಕಿಗಳ ಮುಂದೆ ಗಂಟೆಗಟ್ಟಲೆ ಕ್ಯಾಮರಾ ಹಿಡಿದು ಕುಳಿತವರು. ಮೈಸೂರಿನ ಟಿ. ಎಸ್. ಸತ್ಯನ್ ಅವರು (೧೯೨೩–೨೦೦೯) ಸಾಮಾನ್ಯ ಜನರ ಮುಖಗಳನ್ನೂ ಮಕ್ಕಳ ಆಟಪಾಟಗಳನ್ನೂ ಚಿತ್ರಿಸಿಯೇ ಪದ್ಮಶ್ರೀ ಪುರಸ್ಕೃತರಾದರು. ಬೆಂಗಳೂರಿನಲ್ಲಿ ಹವ್ಯಾಸಿಗಳ ಯೂತ್ ಫೋಟೋಗ್ರಾಫಿಕ್ ಸೊಸೈಟಿಯು ೧೯೭೧ರಲ್ಲಿ ಹುಟ್ಟಿತು. ಈ ಪಟ್ಟಿಯಲ್ಲಿ ಸ್ತ್ರೀಯರ ಹೆಸರು ಏಕಿಲ್ಲವೆಂದು ತಾವು ಕೇಳಬಹುದು. ನಾವೂ ಅದನ್ನೇ ಕೇಳುತ್ತೇವೆ. ಭಾರತದ ಪತ್ರಿಕಾ ಛಾಯಾಗ್ರಾಹಕಿಯರಲ್ಲಿ ಮೊದಲಿಗರಾದ ಹೋಮಾಯಿ ವ್ಯಾರಾವಾಲಾ ಅವರ (೧೯೧೩–೨೦೧೨) ಆರಂಭದ ಚಿತ್ರಗಳು ಅವರ ಪತಿಯ ಹೆಸರಿನಲ್ಲಿ ಅಚ್ಚಾದುವು. ೨೦೧೧ರಲ್ಲಿ ಪದ್ಮವಿಭೂಷಣವು ಅವರದೇ ಹೆಸರಿಗೆ ಬಂದಾಗ ಅವರಿಗೆ ತೊಂಬತ್ತೇಳು ವರ್ಷ ವಯಸ್ಸು. ನಮ್ಮ ಬಾಲಿಕೆಯರು ಅಷ್ಟು ಕಾಲ ಕಾಯಬೇಕಾದುದಿಲ್ಲ. ಈ ಸಂಚಿಕೆಯಲ್ಲಿ ಪ್ರತಿಯೊಂದು ಚಿತ್ರದ ಕೆಳಗೂ ತೆಗೆದವಳ ಹೆಸರಿದೆ.

ಇನ್ನು ಎರಡನೆಯ ಸಂಗತಿಗೆ ಬರುತ್ತೇವೆ. ರೈಲಿನ ಹೊಳಪನ್ನು ತೆಗೆದ ಆ ಬಾಲಿಕೆಯು ಶಾಲೆಯ ಎಲ್ಲ ಸಮಾರಂಭಗಳಲ್ಲಿಯೂ ತಾನೇ ಮುಂದೆ ಬಂದು, “ನಾನು ತೆಗೆಯುತ್ತೇನೆ, ನೀವೆಲ್ಲ ನಿಲ್ಲಿ” ಎನ್ನುತ್ತಿದ್ದಳು. ಅದನ್ನು ಸೇವಾಬುದ್ಧಿಯೆಂದು ನಾವು ಹೊಗಳಿದ್ದೂ ಉಂಟು. ಪ್ರದರ್ಶನವು ಮುಗಿದ ಮೇಲೆ ಮೂರು ವರ್ಷಗಳ ಚಿತ್ರಗಳನ್ನು ಕ್ರಮವಾಗಿ ಜೋಡಿಸುತ್ತಿದ್ದಾಗ ನಮ್ಮ ಗಮನಕ್ಕೆ ಬಂತು: ಆಕೆಯು ಯಾವ ಚಿತ್ರದಲ್ಲಿಯೂ ಇರಲಿಲ್ಲ. ಕರೆದು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, “ನಾನು ಕಪ್ಪಗೆ ಬೀಳುತ್ತೇನೆ ಮಿಸ್. ಮನೆಯಲ್ಲಿ ನನ್ನ ಫೋಟೋವನ್ನು ಬೆಳ್ಳಗೆ ಮಾಡಿಯೇ ಎಲ್ಲರಿಗೂ ಕಳುಹಿಸುತ್ತಾರೆ. ಅದು ನಾನಲ್ಲ. ಅದಕ್ಕಿಂತ ನಿಲ್ಲದಿರುವುದೇ ಮೇಲು” ಎಂದಳು.

ಓದುತ್ತಿರುವ ತಾಯಿತಂದೆಗಳೆ, ಆ ಮಾತನ್ನು ಕೇಳಿ ನಮಗಾದ ನೋವನ್ನು ತಾವು ಊಹಿಸಬಲ್ಲಿರಿ. ತರಗತಿಯ ಚಿತ್ರವನ್ನು ಅಚ್ಚಿಗೆ ಕೊಡುವ ಮುನ್ನ ‘ನಮ್ಮ ಮಗುವಿನ ಮುಖವನ್ನು ಸ್ವಲ್ಪ ತಿಳಿ ಮಾಡಿಸಿ’ ಎಂದು ಕೇಳಿದವರು ಹಿಂದಿನ ವರ್ಷಗಳಲ್ಲಿ ಉಂಟು. ನಾವು ಆಗಲೆಂದು ಒಪ್ಪಿದ್ದೂ ಉಂಟು. ಆದುದರಿಂದ ಈ ತಪ್ಪಿನಲ್ಲಿ ನಮ್ಮದೂ ಪಾಲಿದೆ. ಕನ್ನಡದಲ್ಲಿ ‘ಬಣ್ಣ’ವೆಂಬ ಒಂದೇ ಮಾತು ಹೂವಿಗೂ ಸೀರೆಗೂ ಮೈಗೂ ಸಲ್ಲುತ್ತದೆ. ಹೂವಿನ ಬಣ್ಣವನ್ನು ಇದ್ದಂತೆಯೇ ಹಿಡಿಯೆಂದು ಮಗುವಿಗೆ ಹೇಳಿಕೊಟ್ಟು, ಅದೇ ಮಗುವಿನ ಮುಖದ ಬಣ್ಣವನ್ನು ಅಳಿಸುವುದು ಯಾವ ನ್ಯಾಯ?

ಇದರಲ್ಲಿ ಯಂತ್ರದ ಪಾಲೂ ಸ್ವಲ್ಪವಲ್ಲ. ೧೯೫೦ರ ದಶಕದಿಂದ ಮೊದಲುಗೊಂಡು ಕೋಡಾಕ್ ಕಂಪೆನಿಯು ಬಣ್ಣದ ಪ್ರಿಂಟುಗಳ ಹದವನ್ನು ನೋಡುವುದಕ್ಕಾಗಿ ಬಿಳಿಯ ಮೈಬಣ್ಣದ ಸ್ತ್ರೀಯೊಬ್ಬಳ ಚಿತ್ರವಿದ್ದ ಅಳತೆಯ ಕಾರ್ಡನ್ನು ಕಳುಹಿಸುತ್ತಿತ್ತು. ‘ಶರ್ಲಿ ಕಾರ್ಡು’ ಎಂದು ಅದಕ್ಕೆ ಹೆಸರು. ಆ ಮುಖವು ಚೆನ್ನಾಗಿ ಬಂದರೆ ಎಲ್ಲರ ಮುಖವೂ ಸರಿಯೆಂದು ಭಾವಿಸಲಾಗುತ್ತಿತ್ತು. ಕಂದುಬಣ್ಣದ ಸೂಕ್ಷ್ಮ ಛಾಯೆಗಳು ಸರಿಯಾಗಿ ಮೂಡುತ್ತಿಲ್ಲವೆಂದು ಚಾಕೊಲೇಟು ತಯಾರಿಸುವವರೂ ಮರದ ಪೀಠೋಪಕರಣಗಳನ್ನು ಮಾರುವವರೂ ದೂರಿಕೊಂಡರೆಂಬುದು ಪ್ರಸಿದ್ಧವಾದ ಸಂಗತಿ. ನಾನಾ ಮೈಬಣ್ಣಗಳವರನ್ನು ಒಳಗೊಂಡ ಕಾರ್ಡುಗಳು ಬಂದುದು ೧೯೯೦ರ ದಶಕದಲ್ಲಿ. ಈಗಿನ ಎಷ್ಟೋ ಮೊಬೈಲುಗಳಲ್ಲಿ ‘ಸೌಂದರ್ಯ’ದ ಹೆಸರಿನಲ್ಲಿ ಮುಖವನ್ನು ನುಣ್ಣಗೂ ಬೆಳ್ಳಗೂ ಮಾಡುವ ಏರ್ಪಾಡು ಒಂದು ಬೆರಳಿನ ಸ್ಪರ್ಶದಷ್ಟೇ ದೂರದಲ್ಲಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಹುಟ್ಟಿಸಿದ ಜನರು ನಾವು. ನಮ್ಮ ಮಕ್ಕಳ ಮುಖದ ವಿಷಯದಲ್ಲಿ ಮಾತ್ರ ಅದನ್ನು ಮರೆಯುತ್ತೇವೆ.

ಕಪ್ಪಗೆ ಬೀಳುವುದೆಂಬುದು ಮುಖದ ದೋಷವಲ್ಲ, ಬೆಳಕಿನ ಲೆಕ್ಕದ ದೋಷ. ಹಿಂದುಗಡೆ ಬೆಳಗುವ ಆಕಾಶವಿದ್ದರೆ ಯಂತ್ರವು ಆಕಾಶವನ್ನು ನೋಡಿ ಬೆಳಕನ್ನು ಕಡಿಮೆ ಮಾಡಿಕೊಳ್ಳುತ್ತದೆ. ಎದುರಿಗಿರುವ ಮುಖವು ಕತ್ತಲೆಯಲ್ಲಿ ಮುಳುಗುತ್ತದೆ. ಇದಕ್ಕೆ ಉಪಾಯಗಳು ಸುಲಭ. ನಡುಹಗಲ ಬಿಸಿಲಿನಲ್ಲಿ ನಿಲ್ಲಿಸಬೇಡಿರಿ. ಮುಂಜಾನೆಯ ಅಥವಾ ಸಂಜೆಯ ಎಳೆಬಿಸಿಲು, ಇಲ್ಲವೆ ಕಿಟಕಿಯ ಪಕ್ಕದ ಬೆಳಕು ಒಂದು ಮಗ್ಗುಲಿನಿಂದ ಮುಖದ ಮೇಲೆ ಬೀಳಲಿ. ಮೊಬೈಲಿನ ತೆರೆಯ ಮೇಲೆ ಮುಖವಿರುವ ಜಾಗವನ್ನು ಬೆರಳಿನಿಂದ ಮುಟ್ಟಿದರೆ ಯಂತ್ರವು ಆ ಮುಖಕ್ಕೆ ತಕ್ಕಂತೆ ಲೆಕ್ಕಹಾಕುತ್ತದೆ. ಈ ಸಂಚಿಕೆಯ ತರಗತಿಯ ಚಿತ್ರಗಳನ್ನೆಲ್ಲ ಬೆಳಿಗ್ಗೆ ಪ್ರಾರ್ಥನೆಯ ತರುವಾಯ, ಜಗಲಿಯ ಬದಿಯಲ್ಲಿ, ಹೀಗೆಯೇ ತೆಗೆಸಿದೆವು. ಗೋಧಿ, ಜೇನು, ರಾಗಿ, ನೇರಳೆ ಎಂದು ಎಷ್ಟು ಬಗೆಯ ಬಣ್ಣಗಳು! ತಿದ್ದಿದ್ದರೆ ಎಲ್ಲವೂ ಒಂದೇ ಸುಣ್ಣದ ಗೋಡೆಯಾಗುತ್ತಿದ್ದುವು.

‘ಹೆಣ್ಣುಮಕ್ಕಳ ಕೈಗೆ ಕ್ಯಾಮರಾ ಕೊಟ್ಟರೆ ಅಪಾಯವಲ್ಲವೆ? ಚಿತ್ರಗಳು ಯಾರ ಕೈಗೆ ಹೋಗುವುವೋ?’ ಎಂದು ಕೇಳುವ ತಾಯಿತಂದೆಗಳ ಭೀತಿಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಅದಕ್ಕಾಗಿ ನಮ್ಮ ಕೂಟದಲ್ಲಿ ಎರಡು ನಿಯಮಗಳಿವೆ: ಕೇಳದೆ ಯಾರ ಮುಖವನ್ನೂ ತೆಗೆಯಕೂಡದು, ತೆಗೆದ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ಎಲ್ಲಿಗೂ ಕಳುಹಿಸಕೂಡದು. ಈ ನಿಯಮಗಳು ಮನೆಯ ಹಿರಿಯರಿಗೂ ಅನ್ವಯಿಸಿದರೆ ಒಳ್ಳೆಯದು. ಮುಖವನ್ನು ತೆಗೆಯಲೇಬೇಕೆಂಬುದೂ ಇಲ್ಲ. ಕ್ರುಂಬಿಗಲ್ ಮೊದಲಾದ ತೋಟಗಾರರು ಋತುವಿಗೊಂದು ಹೂವು ಅರಳುವಂತೆ ಮರಗಳನ್ನು ನೆಡಿಸಿದ ಊರು ಇದು. ಜಕರಂಡದ ನೀಲಿ, ಟಬೆಬುಯಾದ ಹಳದಿ, ಗುಲ್‌ಮೊಹರಿನ ಕೆಂಪು ಇವು ಯಾರ ಮಾನವನ್ನೂ ಕಳೆಯುವುದಿಲ್ಲ. ಸಂಕ್ರಾಂತಿಯ ಸಂಜೆ ಗವೀಪುರದ ಗುಹಾಲಯದಲ್ಲಿ ನಂದಿಯ ಕೊಂಬುಗಳ ನಡುವೆ ಹಾಯುವ ಬಿಸಿಲನ್ನು ನೋಡಲು ಜನರು ಗುಂಪುಗೂಡಿ ಕಾಯುತ್ತಾರೆ. ಅಂಥ ಬೆಳಕು ನಮ್ಮ ಅಡಿಗೆಮನೆಯ ಹಂಚಿನ ಸಂದಿನಿಂದಲೂ, ಮಳೆ ನಿಂತ ಬೀದಿಯ ಎಣ್ಣೆನೀರಿನ ಮೇಲೂ ದಿನವೂ ಬೀಳುತ್ತಿದೆ, ಕಾಯುವವಳು ಬೇಕು.

ಆದುದರಿಂದ ನಮ್ಮ ವಿಜ್ಞಾಪನೆಯು ಇಷ್ಟೆ. ರಜೆಯಲ್ಲಿ ವಾರಕ್ಕೊಂದು ಗಂಟೆಯಾದರೂ ಮನೆಯ ಮೊಬೈಲನ್ನು ಮಗಳ ಕೈಗೆ ಕೊಡಿರಿ. ಆಕೆಯು ತೆಗೆದುದನ್ನು ನೋಡಿ ‘ಕೆಟ್ಟಿದೆ’ ಎನ್ನುವ ಮುನ್ನ ‘ಇದರಲ್ಲಿ ನಿನಗೆ ಏನು ಕಂಡಿತು?’ ಎಂದು ಕೇಳಿರಿ. ಆಕೆಯ ಮುಖದ ಚಿತ್ರವನ್ನು ಬಂಧುಗಳಿಗೆ ಕಳುಹಿಸುವಾಗ, ಮುಂದೆ ಗಂಡಿನ ಕಡೆಯವರಿಗೆ ಕಳುಹಿಸುವಾಗಲೂ, ಆಕೆಯನ್ನೇ ಕಳುಹಿಸಿರಿ, ಇನ್ನೊಬ್ಬಳನ್ನಲ್ಲ. ಪೂರ್ವ ವಿದ್ಯಾರ್ಥಿನಿಯರೆ, ನಿಮ್ಮ ಹಳೆಯ ಪೆಟ್ಟಿಗೆಗಳಲ್ಲಿ ಅಂಚು ಸುಟ್ಟ, ಅಲುಗಾಡಿದ, ಬೆಳಕು ಹೊಕ್ಕ ಚಿತ್ರಗಳಿದ್ದರೆ ಎಸೆಯದೆ ನಮಗೆ ತೋರಿಸಿರಿ. ಮುಂದಿನ ಪ್ರದರ್ಶನದಲ್ಲಿ ಅವುಗಳಿಗಾಗಿಯೇ ಒಂದು ಗೋಡೆಯನ್ನು ಮೀಸಲಾಗಿಡುತ್ತೇವೆ.

ಹತ್ತನೆಯ ತರಗತಿಯ ಚಿತ್ರವಿರುವ ಪುಟವನ್ನು ಈಗ ಮತ್ತೊಮ್ಮೆ ತಿರುವಿ ನೋಡಿರಿ. ಎರಡನೆಯ ಸಾಲಿನಲ್ಲಿ, ಬಲಗಡೆಯಿಂದ ಮೂರನೆಯವಳಾಗಿ, ಕಣ್ಣಿಗೆ ಬಿಸಿಲು ಬಿದ್ದುದರಿಂದ ಹುಬ್ಬನ್ನು ಸ್ವಲ್ಪ ಗಂಟಿಕ್ಕಿಕೊಂಡು ನಿಂತಿರುವ ಬಾಲಿಕೆಯೇ ರೈಲಿನ ಹೊಳಪನ್ನು ಹಿಡಿದವಳು. ಆ ದಿನ ಕ್ಯಾಮರಾ ಹಿಡಿದಿದ್ದವರು ನಾವು. ಚಿತ್ರವು ಸ್ವಲ್ಪ ವಾಲಿದೆ, ಅದನ್ನೂ ತಿದ್ದಿಸಲಿಲ್ಲ.